ಎರಡಲಗಿನ 125 ಗ್ರೇನ್ ಬ್ರಾಡ್‌ಹೆಡ್: ಕೆಲವು ಸೀಸನ್‌ಗಳ ಬಳಕೆಯ ನಂತರ

ಬ್ರಾಡ್‌ಹೆಡ್ ಅಂದರೆ ಬೇಟೆಯ ಬಾಣದ ತುದಿಗೆ ಕೂರಿಸುವ ಅಲಗಿನ ಮೊನೆ. ಪ್ಯಾಕೆಟ್ ಒಡೆದ ಕೂಡಲೇ ಬಿಲ್ಲಿಗೇರಿಸಬೇಕು ಎನ್ನುವವರಿಗೆ ಈ ಹೆಡ್ ಅಲ್ಲ. ಇದು ಸ್ಕ್ರೂ ಇಲ್ಲದ, ಮರದ ಬಾಣಕ್ಕೆ ಅಂಟಿಸುವ ಬಗೆ. ತೂಕ 125 ಗ್ರೇನ್, ಅಂದರೆ ಸುಮಾರು 8.1 ಗ್ರಾಂ. ಅಗಲ 1⅛ ಇಂಚು. ಮೊನೆಯ ಹತ್ತಿರ ಹೆಚ್ಚುವರಿ ತಗಡು ಕೂಡಿಸಿ ದಪ್ಪ ಮಾಡಿದ್ದಾರೆ. ಕಾರ್ಖಾನೆಯಿಂದ ಬರುವಾಗ ಬೆವೆಲ್ (ಅಂಚಿನತ್ತ ಓರೆಯಾಗಿ ಇಳಿಯುವ ಮೈ) ಒರಟಾಗಿ ಉಜ್ಜಿರುತ್ತದೆ, ಅಷ್ಟೇ. ಹರಿತ ಮಾಡುವುದು ಕೊಂಡವರ ಪಾಲಿನ ಕೆಲಸ. ಇದನ್ನು ಕೊರತೆ ಎನ್ನುವವರಿದ್ದಾರೆ. ನನ್ನ ಪ್ರಕಾರ ಈ ಹೆಡ್ಡಿನ ದೊಡ್ಡ ಗುಣ ಇದೇ. ಉಕ್ಕು ಅರಕ್ಕೆ ಬಗ್ಗುವಷ್ಟು ಮೆದು, ಹಾಗಾಗಿ ಮೊಂಡಾದರೆ ಕಾಡಿನಲ್ಲೇ ಕೂತು ಸರಿಮಾಡಿಕೊಳ್ಳಬಹುದು.

ಸಾಂಪ್ರದಾಯಿಕ ಬಿಲ್ಲಿನಲ್ಲಿ ಹರಿತಕ್ಕೆ ಇಷ್ಟು ಬೆಲೆ ಯಾಕೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 500 ಗ್ರೇನ್ ಬಾಣ ಸೆಕೆಂಡಿಗೆ 165 ಅಡಿ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 30 ಫುಟ್-ಪೌಂಡ್. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನವರು ಇದರ ಎರಡು ಪಟ್ಟನ್ನು ಸಲೀಸಾಗಿ ಪಡೆಯುತ್ತಾರೆ. ಇಷ್ಟು ಕಡಿಮೆ ಶಕ್ತಿಯಲ್ಲಿ ಅಲಗು ತೆರೆದುಕೊಳ್ಳುವುದಕ್ಕೇ ಒಂದು ಪಾಲು ಖರ್ಚಾಗುವ ಮೆಕ್ಯಾನಿಕಲ್ ಹೆಡ್ ಬೇಡವೇ ಬೇಡ. ಬಾಣ ಒಳಹೊಕ್ಕು ಆಚೆ ಬರಬೇಕಾದರೆ ಅಲಗು ಕೊಯ್ಯುತ್ತಾ ಸಾಗಬೇಕು, ತಳ್ಳುತ್ತಾ ಅಲ್ಲ. ಮೊಂಡು ಅಲಗಿನ ಮುಂದೆ ರಕ್ತನಾಳ ಪಕ್ಕಕ್ಕೆ ಸರಿದುಬಿಡುತ್ತದೆ. ಪ್ರಾಣಿ ಬೇಗ ಬೀಳದೆ ನರಳುತ್ತದೆ, ರಕ್ತದ ಜಾಡೂ ಸಿಗುವುದಿಲ್ಲ.

ಮೂರಲಗಿನ ಹೆಡ್ಡನ್ನೂ ಜೊತೆಗೆ ಬಳಸಿ ನೋಡಿದ್ದಾಯಿತು. ಮಸೆಯುವುದು ಮಕ್ಕಳಾಟ: ಎರಡು ಅಲಗುಗಳನ್ನು ಒಟ್ಟಿಗೆ ಅರದ ಮೇಲೆ ಮಲಗಿಸಿ ತಳ್ಳಿದರಾಯಿತು, ಕೋನ ತಾನಾಗಿಯೇ ಸಿಗುತ್ತದೆ. ಆದರೆ ಆ ಕೋನ ಒಂದೊಂದು ಬದಿಗೆ 30 ಡಿಗ್ರಿ, ಒಟ್ಟು 60. ಗಟ್ಟಿ ಅಂಚು ಹೌದು, ನವಿರಲ್ಲ. 60 ಪೌಂಡ್ ಬಲದ ಬಿಲ್ಲು ಎಳೆಯುವವರಿಗೆ ಸರಿ, 45ರವರಿಗೆ ಎರಡಲಗೇ ಲೇಸು. ಸಿಂಗಲ್ ಬೆವೆಲ್ ವಿಚಾರ ಬೇರೆ. ಬೇಟೆ ಬಾಣಗಳು ಎಷ್ಟು ಆಳ ಹೊಗುತ್ತವೆ ಎಂದು ಪರೀಕ್ಷಿಸಿದ ಎಡ್ ಆಶ್ಬಿ ಅವರ ಪರೀಕ್ಷೆಗಳ ನಂತರ ಅದಕ್ಕೂ, 650 ಗ್ರೇನ್ ಮೇಲ್ಪಟ್ಟ ಭಾರದ ಬಾಣಗಳಿಗೂ ಹೆಸರು ಬಂತು. ಒಂದೇ ಬದಿಯಲ್ಲಿ 25 ಡಿಗ್ರಿ ಉಜ್ಜಿದ ಅಲಗಿನ ಒಟ್ಟು ಕೋನ 25 ಮಾತ್ರ. ಎರಡೂ ಬದಿ 25 ಉಜ್ಜಿದರೆ ಅದು 50 ಆಗುತ್ತದೆ ಎಂಬುದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಸಿಂಗಲ್ ಬೆವೆಲ್ ಕೊಳ್ಳುವವರು ಬಾಣದ ಗರಿ ನೋಡಿ ಕೊಳ್ಳಲಿ: ಬಲರೆಕ್ಕೆಯ ಗರಿಗೆ ಬಲ ಬೆವೆಲ್, ಎಡರೆಕ್ಕೆಗೆ ಎಡ. ಅದಲುಬದಲಾದರೆ ಗರಿ ಒಂದು ಕಡೆಗೆ, ಅಲಗು ಇನ್ನೊಂದು ಕಡೆಗೆ ತಿರುಗಿಸಲು ನೋಡುತ್ತವೆ.

ಇನ್ನು ಮಸೆಯುವ ಕೆಲಸ. ಹೆಡ್ಡನ್ನು ಮೊದಲು ಬಾಣಕ್ಕೋ ಒಂದು ತುಂಡು ಶಾಫ್ಟ್‌ಗೋ (ಬಾಣದ ಕಡ್ಡಿಗೋ) ಅಂಟಿಸಿಕೊಳ್ಳಿ, ಹಿಡಿಕೆ ಇಲ್ಲದೆ ಕೋನ ನಿಲ್ಲುವುದಿಲ್ಲ. ಬೆವೆಲ್ ಪೂರ್ತಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಒಂದೇ ಸಾಲಿನ ಹಲ್ಲಿರುವ 8 ಅಥವಾ 10 ಇಂಚಿನ ಚಪ್ಪಟೆ ಅರದಿಂದ ನಾಲ್ಕು ಬಾರಿ ಉಜ್ಜಿ ನೋಡಿ. ಬಣ್ಣ ಅಂಚಿನ ಕಡೆ ಮಾತ್ರ ಹೋಗಿದ್ದರೆ ಅರ ತುಂಬ ಎದ್ದಿದೆ, ಒಳಗಡೆ ಮಾತ್ರ ಹೋಗಿದ್ದರೆ ತೀರಾ ಮಲಗಿದೆ. 20ರಿಂದ 25 ಡಿಗ್ರಿಯೊಳಗೆ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ. 15ಕ್ಕೆ ಇಳಿಸಿದರೆ ಮೇಜಿನ ಮೇಲೆ ಕ್ಷೌರದ ಬ್ಲೇಡಿನಂತೆ ಕೊಯ್ಯುತ್ತದೆ, ಪಕ್ಕೆಲುಬು ತಾಗಿದೊಡನೆ ಅಂಚು ಮಡಚಿಕೊಳ್ಳುತ್ತದೆ. ಅರ ಮುಂದೆ ಹೋಗುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ತರುವಾಗ ಎತ್ತಿಬಿಡಿ. ಹಲ್ಲಿಗೆ ಸೀಮೆಸುಣ್ಣ ಸವರಿದರೆ ಲೋಹದ ಪುಡಿ ಸಿಕ್ಕಿಕೊಂಡು ಅಲಗಿನ ಮೇಲೆ ಗೀರು ಬೀಳುವುದು ತಪ್ಪುತ್ತದೆ.

ಒಂದು ಬದಿ ಉಜ್ಜುತ್ತಾ ಹೋದರೆ ಎದುರು ಬದಿಯಲ್ಲಿ ಬರ್ ಏಳುತ್ತದೆ: ಅಂಚಿನಾಚೆ ಬಾಗಿ ನಿಂತ ಲೋಹದ ತೆಳು ಎಳೆ. ಬೆರಳನ್ನು ಅಡ್ಡಕ್ಕೆ, ಒಳಗಿನಿಂದ ಅಂಚಿನ ಕಡೆಗೆ ಸರಿಸಿದರೆ ಗರಗರ ಎಂದು ತಾಗುತ್ತದೆ. ಮೊನೆಯಿಂದ ಹಿಂಬದಿಯವರೆಗೆ ಎಲ್ಲೂ ಕಡಿಯದೆ ಬರ್ ಎದ್ದ ಮೇಲೆಯೇ ಇನ್ನೊಂದು ಬದಿಗೆ ಹೋಗಬೇಕು. ಬರ್ ಎದ್ದಿಲ್ಲವೆಂದರೆ ಅಂಚಿನವರೆಗೆ ಅರ ತಲುಪಿಲ್ಲವೆಂದೇ ಅರ್ಥ. ಹೊಸಬರು ಸೋಲುವುದು ಅಲಗಿನ ಹಿಂತುದಿಯಲ್ಲಿ. ಅಲ್ಲಿ ಕೈ ಬಾಗಿ ಅಂಚು ದುಂಡಗಾಗಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ.

ಆಮೇಲೆ ಬರ್ ತೆಗೆಯುವುದು. ನಿಜವಾದ ಮಸೆತ ಇಲ್ಲಿಂದಲೇ ಶುರು. ಒತ್ತಡ ಇಳಿಸುತ್ತಾ ಬದಿ ಬದಲಿಸಿ: ಐದೈದು, ಮೂರುಮೂರು, ಕೊನೆಗೆ ಒಂದೊಂದು. ಅರದ ಭಾರವೇ ಸಾಕು ಎನ್ನುವಷ್ಟು ಹಗುರ. ನಂತರ 600 ಗ್ರಿಟ್ ಸಾಣೆಕಲ್ಲು, ಬೇಕಿದ್ದರೆ 1000, ಕಡೆಯಲ್ಲಿ ಹಸಿರು ಪಾಲಿಶ್ ಬಳಿದ ಚರ್ಮದ ಪಟ್ಟಿ. ಪಟ್ಟಿಯ ಮೇಲೆ ಅಂಚು ಹಿಂದಾಗಿ ಎಳೆಯಬೇಕು, ಮುಂದಾಗಿ ತಳ್ಳಿದರೆ ಚರ್ಮವೇ ಸೀಳುತ್ತದೆ. ತೋಳಿನ ಕೂದಲು ಬೋಳಿಸಿ ಮೀಸೆ ತಿರುವುವುದರಲ್ಲಿ ಅರ್ಥವಿಲ್ಲ, ಬರ್ ಕೂಡ ಕೂದಲು ಬೋಳಿಸುತ್ತದೆ. ಎಳೆದು ಬಿಗಿಹಿಡಿದ ರಬ್ಬರ್ ಬ್ಯಾಂಡಿಗೆ ಅಲಗನ್ನು ಮೆಲ್ಲಗೆ ತಾಗಿಸಿ. ತಳ್ಳುವ ಮೊದಲೇ ತುಂಡಾದರೆ ಸೈ, ಜಗ್ಗಿ ಆಮೇಲೆ ತುಂಡಾದರೆ ಮತ್ತೆ ಕಲ್ಲಿಗೆ.

ಸೂಜಿಯಂಥ ಮೊನೆ ಬಿಡಬೇಡಿ. ಮೂಳೆಗೆ ತಾಗಿದರೆ ಅದು ಕೊಕ್ಕೆಯಂತೆ ಬಾಗಿ ಬಾಣ ಅಲ್ಲೇ ನಿಲ್ಲುತ್ತದೆ. ತುದಿಯನ್ನು ಒಂದೂವರೆ ಮಿಲಿಮೀಟರಿನಷ್ಟು ಹಿಂದಕ್ಕೆ ಉಜ್ಜಿ ಉಳಿಯ ಬಾಯಿಯಂತೆ ಮಾಡಿಕೊಳ್ಳಿ. ವಿದ್ಯುತ್ ಗ್ರೈಂಡರ್ ಹತ್ತಿರವೂ ಒಯ್ಯಬೇಡಿ: ಅಂಚು ನೀಲಿಗಟ್ಟಿತೆಂದರೆ ಅಲ್ಲಿನ ಹದ ಹೋಯಿತು. ಎಳೆದು ಮಸೆಯುವ ಕಾರ್ಬೈಡ್ ಸಾಧನ ಲೋಹವನ್ನು ಕಿತ್ತು ಹಾಕುತ್ತದೆ, ತುರ್ತಿಗೂ ನಾನು ಹೇಳುವುದಿಲ್ಲ. ಇನ್ನೂ ಗಟ್ಟಿ ಉಕ್ಕಿನ ದುಬಾರಿ ಹೆಡ್‌ಗಳ ಮೇಲೆ ಅರ ಜಾರುತ್ತದೆ, ಅವಕ್ಕೆ ಡೈಮಂಡ್ ಪ್ಲೇಟೇ ಬೇಕು. ಅಂಚು ಹೆಚ್ಚು ಕಾಲ ಬಾಳುತ್ತದೆ ನಿಜ, ಮೊಂಡಾದಾಗ ಕೈ ಸೋಲುತ್ತದೆ.

ಅಂಟಿಸುವಾಗ ಶಾಫ್ಟ್ ತುದಿ 5 ಡಿಗ್ರಿ ಟೇಪರ್ ಇರಬೇಕು, ಅಂದರೆ ತುದಿಯತ್ತ ಸಣ್ಣಗಾಗುತ್ತಾ ಹೋಗಬೇಕು. ಹಾಟ್ ಮೆಲ್ಟ್ ಅಂಟು ಕರಗಿಸಲು ಬೆಂಕಿಯನ್ನು ಹೆಡ್ಡಿನ ಕೊಳವೆ ಭಾಗಕ್ಕೆ ಹಿಡಿಯಿರಿ, ಅಲಗಿಗಲ್ಲ. ತಣಿಯುವ ಮುನ್ನ ಮೊನೆಯನ್ನು ಮರದ ಹಲಗೆಗೆ ಊರಿ ಬಾಣವನ್ನು ಬೆರಳಲ್ಲಿ ತಿರುಗಿಸಿ. ಹೆಡ್ ಅಲ್ಲಾಡಿದರೆ ಬಿಸಿಮಾಡಿ ಮತ್ತೆ ಕೂರಿಸಿ, ಓರೆ ಹೆಡ್ ಗಾಳಿಯಲ್ಲಿ ತಾನೇ ಬಾಣ ನಡೆಸಲು ನೋಡುತ್ತದೆ. ಅಭ್ಯಾಸದ ಮೊನೆಯೂ 125 ಗ್ರೇನ್ ಇರಲಿ. ತೂಕ ಏರಿಸಿದರೆ ಶಾಫ್ಟ್ ಹೆಚ್ಚು ಬಾಗಿ, ಬಲಗೈಯವರ ಬಾಣ ಬಲಕ್ಕೆ ಹೋಗತೊಡಗುತ್ತದೆ.

ದೂರು ಒಂದೇ: ತುಕ್ಕು. ಸ್ಟೇನ್‌ಲೆಸ್ ಅಲ್ಲದ ಕಾರಣ ಒಂದು ರಾತ್ರಿಯ ಇಬ್ಬನಿ ಸಾಕು, ಅಂಚಿನಲ್ಲಿ ಕಂದು ಚುಕ್ಕೆ ಬಿದ್ದು ಹರಿತ ಹೋಗುತ್ತದೆ. ವ್ಯಾಸಲಿನ್ ತೆಳ್ಳಗೆ ಸವರಿಡಿ. ಬತ್ತಳಿಕೆಯ ಫೋಮಿಗೆ ಪದೇಪದೇ ಚುಚ್ಚಿ ತೆಗೆದರೂ ಅಂಚು ಸವೆಯುತ್ತದೆ, ಹಾಗಾಗಿ ಬೇಟೆಯ ದಿನ ಬೆಳಿಗ್ಗೆ ಪಟ್ಟಿಯ ಮೇಲೆ ಹತ್ತು ಎಳೆತ ಕಡ್ಡಾಯ. ಉಜ್ಜಿ ಉಜ್ಜಿ ಅಗಲ ಇಳಿಯುವುದನ್ನೂ ಅಳೆಯುತ್ತಿರಿ. ಅಮೆರಿಕದ ಹಲವು ರಾಜ್ಯಗಳಲ್ಲಿ 7/8 ಇಂಚಿಗಿಂತ ಕಿರಿದಾದ ಹೆಡ್ ಬಳಸುವಂತಿಲ್ಲ. ಆ ಅಳತೆಗೆ ಬಂದದ್ದನ್ನು ಅಭ್ಯಾಸದ ಬಾಣಕ್ಕೆ ಹಾಕಿಕೊಳ್ಳಿ.