ಬ್ಯಾಂಕಾಕ್ ಸುತ್ತೋಕೆ ರೈಲಾ, ದೋಣಿಯಾ, ಟುಕ್‌ಟುಕ್ಕಾ?

ನಾವು ನಾಲ್ವರು ಗೆಳೆಯರು ಬ್ಯಾಂಕಾಕ್‌ನಲ್ಲಿ ಐದು ದಿನ ಇದ್ದೆವು. ಏನು ನೋಡಬೇಕು, ಎಲ್ಲಿ ತಿನ್ನಬೇಕು ಅನ್ನೋದಕ್ಕೆ ಜಗಳ ಆಗಲಿಲ್ಲ. ಆಗಿದ್ದೆಲ್ಲ ಹೇಗೆ ಹೋಗೋದು ಅನ್ನೋದಕ್ಕೆ. ಒಬ್ಬನಿಗೆ ಸ್ಕೈಟ್ರೇನ್ ಬಿಟ್ಟರೆ ಬೇರೇನೂ ಬೇಡ. ಇನ್ನೊಬ್ಬನಿಗೆ ಟುಕ್‌ಟುಕ್ (ಅಲ್ಲಿನ ಆಟೋ) ಹತ್ತದಿದ್ದರೆ ಬಂದದ್ದೇ ದಂಡ. ಕೊನೆಗೆ ಎಲ್ಲವನ್ನೂ ಹತ್ತಿ ನೋಡಿದೆವು.

ಸ್ಕೈಟ್ರೇನ್ ಅಂದರೆ 1999ರಲ್ಲಿ ಶುರುವಾದ ಬಿಟಿಎಸ್. ಕಂಬಗಳ ಮೇಲೆ ಓಡುತ್ತದೆ. ಕೆಳಗೆ ಸುಖುಮ್ವಿತ್ ರಸ್ತೆಯಲ್ಲಿ ಕಾರುಗಳು ಕದಲದೆ ನಿಂತಿರುತ್ತವೆ. ಮೇಲಿಂದ ಅದನ್ನು ನೋಡುವಾಗ ಸ್ವಲ್ಪ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಒಳಗೆ ಎಸಿ ಎಷ್ಟು ಜೋರು ಅಂದರೆ ಬೆವರಿದ ಅಂಗಿ ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ. ನಿಲ್ದಾಣ ಬರುವ ಮುಂಚೆ ‘ಸಥಾನಿ’ ಅಂತ ಏನೋ ಹೇಳುತ್ತಾರೆ. ಅದು ನಮ್ಮ ‘ಸ್ಥಾನ’ದ ನೆಂಟ ಅಂತ ಹೊಳೆದದ್ದು ಎರಡನೇ ದಿನ.

ಎರಡು ಮಾರ್ಗ ಕೂಡುವ ಸಿಯಾಮ್ ನಿಲ್ದಾಣದಲ್ಲಿ ಸಂಜೆ ಆರಕ್ಕೆ ಸಿಕ್ಕಿಹಾಕಿಕೊಂಡೆವು. ಕಾಲಿಡಲು ಜಾಗ ಇಲ್ಲ. ಇದ್ದಕ್ಕಿದ್ದಂತೆ ಇಡೀ ಗುಂಪು ನಿಂತಲ್ಲೇ ನಿಂತುಬಿಟ್ಟಿತು. ರಾಷ್ಟ್ರಗೀತೆ! ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ದಿನಾ ಹಾಕುತ್ತಾರೆ. ನಮ್ಮವನೊಬ್ಬ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆದ. ಅಷ್ಟು ಜನರ ನಡುವೆ ಅಲುಗಾಡುತ್ತಿದ್ದವನು ಅವನೊಬ್ಬನೇ.

ರೈಲಿನ ತೊಂದರೆ ಏನೆಂದರೆ, ಅರಮನೆ ಇರುವ ಹಳೇ ಊರಿಗೆ ಬಿಟಿಎಸ್ ಹೋಗೋದಿಲ್ಲ. ನೆಲದಡಿಯ ಮೆಟ್ರೊ ಎಂಆರ್‌ಟಿ 2019ರಿಂದ ಸನಮ್ ಚಾಯ್ ನಿಲ್ದಾಣದ ಮೂಲಕ ಅಲ್ಲಿಗೆ ಹೋಗುತ್ತದೆ, ಆದರೆ ಸುರಂಗದಲ್ಲಿ ಊರು ಎಲ್ಲಿ ಕಾಣಬೇಕು? ನಾವು ಸಫಾನ್ ತಾಕ್ಸಿನ್‌ನಲ್ಲಿ ಇಳಿದು, ಅಲ್ಲೇ ಕೆಳಗಿನ ಜೆಟ್ಟಿಯಿಂದ ಚಾವೊ ಫ್ರಾಯಾ ನದಿಯ ದೋಣಿ ಹಿಡಿದೆವು. ಕಿತ್ತಳೆ ಬಾವುಟದ್ದು, ಆಗ ತಲೆಗೆ 16 ಬಾತ್ (ಥಾಯ್ಲೆಂಡ್‌ನ ಹಣ). ನಿಂತುಕೊಂಡೇ ಹೋದೆವು, ಆದರೂ ಗಾಳಿ ಇತ್ತು. ತಾ ತಿಯೆನ್ ಜೆಟ್ಟಿಯಿಂದ ಆಚೆ ದಡಕ್ಕೆ ದಾಟಿದರೆ ವಾಟ್ ಅರುಣ್ ದೇಗುಲ. ದೂರದಿಂದ ಕಲ್ಲಿನ ಕೆತ್ತನೆ ಅನ್ನಿಸಿದ್ದು ಹತ್ತಿರ ಹೋದರೆ ಪಿಂಗಾಣಿ ಚೂರುಗಳು. ಹೂವಿನ ಎಸಳೂ ಚೂರಿನದ್ದೇ.

ನನ್ನ ಓಟು ಮಾತ್ರ ಸೇನ್ ಸೇಪ್ ಕಾಲುವೆಯ ದೋಣಿಗೆ. ಥಾಯ್ ರಾಜ ಮೂರನೇ ರಾಮನ ಕಾಲದಲ್ಲಿ, 1837ರಲ್ಲಿ ತೋಡಲು ಶುರು ಮಾಡಿದ ಕಾಲುವೆ ಇದು. ಈಗ ಆಫೀಸಿಗೆ ಹೋಗುವವರ ದಾರಿ. ದೋಣಿ ಜೆಟ್ಟಿಗೆ ತಾಗುತ್ತದೆ, ಕೆಲವೇ ಸೆಕೆಂಡು, ಅಷ್ಟರಲ್ಲಿ ಹಗ್ಗ ಹಿಡಿದು ಜಿಗಿಯಬೇಕು. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆದುಕೊಂಡೇ ಟಿಕೆಟ್ ಕೊಡುತ್ತಾರೆ. ಎದುರಿಂದ ಇನ್ನೊಂದು ದೋಣಿ ಬಂದರೆ, ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಬೇಕು. ನನ್ನ ಗೆಳೆಯ ಫೋನ್ ನೋಡುತ್ತಾ ಕೂತಿದ್ದ. ಹಿಂದಿನ ಸೀಟಿನ ಅಜ್ಜಿಯೊಬ್ಬರು ಏನೂ ಹೇಳದೆ ಕೈ ಚಾಚಿ ಅವನ ಹಗ್ಗವನ್ನು ತಾವೇ ಎಳೆದರು. ನೀರಿನ ವಾಸನೆ? ಇದೆ, ಜಾಸ್ತಿನೇ ಇದೆ. ಆದರೆ ಮನೆಗಳ ಹಿಂಬಾಗಿಲು, ಒಣಗಲು ಹಾಕಿದ ಬಟ್ಟೆ, ಕುಂಡದ ಗಿಡ ಎಲ್ಲ ಕೈಗೆಟುಕುವಷ್ಟು ಹತ್ತಿರ. ಫಾನ್ ಫಾ ಜೆಟ್ಟಿಯಿಂದ ಪ್ರತುನಾಮ್ ಜೆಟ್ಟಿಗೆ ನಮಗೆ ಹಿಡಿದದ್ದು ಸುಮಾರು ಕಾಲು ಗಂಟೆ, ಸಿಗ್ನಲ್ ಇಲ್ಲ.

ಟುಕ್‌ಟುಕ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಮೀಟರ್ ಇಲ್ಲ, ಹತ್ತುವ ಮೊದಲೇ ಚೌಕಾಸಿ. ನಾಲ್ವರು ಕೂತರೆ ಒಬ್ಬ ಇನ್ನೊಬ್ಬನ ತೊಡೆ ಮೇಲೆ. ‘ಅರಮನೆ ಇವತ್ತು ಮುಚ್ಚಿದೆ’ ಅಂತ ರಸ್ತೆ ಬದಿಯಲ್ಲಿ ಒಬ್ಬ ಹೇಳಿದ, ನಂಬಿದೆವು. ಟುಕ್‌ಟುಕ್ ಹೋಗಿ ನಿಂತದ್ದು ಹರಳಿನ ಅಂಗಡಿ ಮುಂದೆ. ಅರಮನೆ ತೆರೆದೇ ಇತ್ತು ಅಂತ ಆಮೇಲೆ ತಿಳಿಯಿತು. ರಾತ್ರಿ ರಸ್ತೆ ಖಾಲಿಯಾದ ಮೇಲೆ ಮಜಾ ಇದೆ, ಒಪ್ಪುತ್ತೇನೆ. ಒಂದು ಸಲಕ್ಕೆ ಸಾಕು.

ಕೊನೇ ದಿನ ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ಹೊರಟಾಗ ಮಾತ್ರ ವಾದವೇ ಆಗಲಿಲ್ಲ. ಟುಕ್‌ಟುಕ್ ಗೆಳೆಯನೇ ಎಲ್ಲರಿಗಿಂತ ಮುಂದೆ ಪೆಟ್ಟಿಗೆ ಎಳೆದುಕೊಂಡು ಫಯಾ ಥಾಯ್ ರೈಲು ನಿಲ್ದಾಣದ ಕಡೆ ನಡೆದ.