ಕಸೂತಿ ಡಿಸೈನನ್ನು ಫೋಟೋ ಮಾಡಿ ಕಳಿಸಬೇಡಿ

ಹೋದ ವರ್ಷ ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ನನ್ನ ಹತ್ತಿರ ಕಸೂತಿ ಕಲಿತ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಅಕ್ಕಾರ, ಗೋಪುರದ ಒಳಗಿನ ಗೆರಿ ಹೊರಗಿನದಕ್ಕ ಕೂಡವಲ್ದುರಿ. ಒಂದ್ ಮನಿ ಕಡಿಮಿ ಬೀಳಾಕತ್ತೈತಿ." ಗೋಪುರ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಡಿಸೈನು, ಮನೆ ಅಂದರೆ ಗ್ರಾಫ್ ಹಾಳೆಯ ಒಂದು ಚೌಕ. ಎಣಿಕೆ ತಪ್ಪಿರಬೇಕು, ಬಿಚ್ಚಿ ಮತ್ತೆ ಹಾಕು ಅಂದೆ. ಅವಳು ಬಿಚ್ಚಲಿಲ್ಲ. ಮರುದಿನ ಸೀರೆ ಹಿಡಿದುಕೊಂಡು ಮನೆಗೇ ಬಂದಳು.

ಅವಳ ಅವ್ವನ ಚಂದ್ರಕಾಳಿ ಸೀರೆ ಅದು. ಕಪ್ಪು ರೇಷ್ಮೆ. ಸೆರಗಿನ ಉದ್ದಕ್ಕೂ ಹನ್ನೊಂದು ಗೋಪುರಗಳ ಹೊರಗೆರೆ ಹಾಕಿ ಮುಗಿಸಿದ್ದಳು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದು ಎಷ್ಟು ಕಷ್ಟ ಅಂತ ಹೊಲಿದವರಿಗೆ ಗೊತ್ತು. ಹಗಲು ಬೆಳಕಲ್ಲಿ ಕಿಟಕಿ ಪಕ್ಕ ಕೂತು ಮಾಡಬೇಕು. ಒಂದೂವರೆ ತಿಂಗಳು ಹಾಗೆ ಕೂತಿದ್ದಳು. ಒಳಗಿನ ಗೆರೆ ತುಂಬಲು ಶುರು ಮಾಡಿದಾಗ ಐದನೇ ಮೆಟ್ಟಿಲಿನ ಹತ್ತಿರ ಅದು ಹೊರಗೆರೆಯನ್ನು ಮುಟ್ಟಲೇ ಇಲ್ಲ. ಹನ್ನೊಂದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು.

ಎಣಿಕೆ ತಪ್ಪಿದ್ದು ಅವಳದ್ದಲ್ಲ. ಅವಳು ನೋಡಿ ಹೊಲಿದ ಹಾಳೆ ನಾನೇ ಕಳಿಸಿದ್ದು. ನನ್ನ ಮೂಲದಲ್ಲಿ ಆ ಮೆಟ್ಟಿಲು ಮೂರು ಮನೆ ಅಗಲ. ಅವಳ ಫೋನಿನಲ್ಲಿ ಅದು ನಾಲ್ಕು ಮನೆ ಆಗಿ ಕಾಣುತ್ತಿತ್ತು. ನಾನೇ ಕನ್ನಡಕ ಹಾಕಿಕೊಂಡು ನೋಡಿದೆ, ನನಗೂ ನಾಲ್ಕೇ ಕಂಡಿತು.

ಬೇರೆ ಕಸೂತಿಯಲ್ಲಾದರೆ ಒಂದು ಮನೆ ಆಚೀಚೆ ಆದರೂ ಹೇಗೋ ಸರಿಮಾಡಬಹುದು. ನಮ್ಮದರಲ್ಲಿ ಆಗುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಮನೆ ಹೊಲಿದು ಒಂದು ಬಿಡುತ್ತೇವೆ, ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬುತ್ತೇವೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಹಳೆಯ ಪದ್ಧತಿಯಲ್ಲಿ ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳುವುದೂ ಇಲ್ಲ, ಎಲ್ಲ ಎಳೆ ಎಣಿಸಿಯೇ. ಹೀಗಿರುವಾಗ ಡಿಸೈನಿನ ಹಾಳೆ ಅಂದರೆ ಚಿತ್ರ ಅಲ್ಲ, ಲೆಕ್ಕ. ಆ ಲೆಕ್ಕವನ್ನು ನಾನು ಫೋಟೋ ಥರ ಕಳಿಸಿಬಿಟ್ಟಿದ್ದೆ.

ಹೇಗಾಯಿತು ಅಂತ ಪೂರ್ತಿ ಹೇಳುತ್ತೇನೆ. ಇದೇ ತಪ್ಪು ಈಗಲೂ ದಿನಾ ಎಷ್ಟೋ ಜನ ಮಾಡುತ್ತಿದ್ದಾರೆ.

ನಮ್ಮ ಅಜ್ಜಿ ಒಂದು ಬಿಳಿ ಬಟ್ಟೆಯ ತುಂಡಿನ ಮೇಲೆ ತನಗೆ ಬರುತ್ತಿದ್ದ ಡಿಸೈನುಗಳನ್ನೆಲ್ಲ ಹೊಲಿದಿಟ್ಟಿದ್ದಳು. ಗೋಪುರ, ತೇರು, ತುಳಸಿ ಕಟ್ಟೆ, ಆನೆ ಅಂಬಾರಿ, ನವಿಲು, ಅಂಚಿನ ಬಳ್ಳಿಗಳು, ಎಲ್ಲ ಸೇರಿ 37. ಬಟ್ಟೆ ಹಳದಿಯಾಗಿ ಜೀರ್ಣವಾಗುತ್ತಿತ್ತು. ಅದು ಹೋಗುವ ಮುಂಚೆ ಹತ್ತು ಜನರ ಕೈ ಸೇರಲಿ ಅನ್ನಿಸಿತು. ಎಳೆ ಎಣಿಸಿ ಗ್ರಾಫ್ ಹಾಳೆಗೆ ಇಳಿಸಿದೆ. ಡಿಟಿಪಿ ಅಂಗಡಿಗೆ ಕೊಟ್ಟು ಕಂಪ್ಯೂಟರಿನಲ್ಲಿ ಚೊಕ್ಕವಾಗಿ ಬಿಡಿಸಿಸಿದೆ. ಅವರು ಪೆನ್‌ಡ್ರೈವ್‌ನಲ್ಲಿ ಎರಡು ಥರದ ಫೈಲ್ ಹಾಕಿಕೊಟ್ಟರು, ಒಂದು ಸಿಡಿಆರ್, ಅಂದರೆ ಅವರು ಬಿಡಿಸಿದ ಕೋರೆಲ್‌ಡ್ರಾ ಸಾಫ್ಟ್‌ವೇರಿನ ಮೂಲ ಫೈಲ್, ಇನ್ನೊಂದು ಜೆಪಿಜಿ, ಅಂದರೆ ಫೋಟೋ ಥರದ ಫೈಲ್. ಸಿಡಿಆರ್ ನನ್ನ ಫೋನಿನಲ್ಲಿ ತೆರೆಯಲಿಲ್ಲ, ಜೆಪಿಜಿ ತೆರೆಯಿತು. ನನ್ನ ಆಯ್ಕೆ ಅಷ್ಟಕ್ಕೇ ಮುಗಿದುಹೋಯಿತು! ಫೋನಿಗೆ ಹಾಕಿಕೊಂಡು ಗೆಳತಿಯರ ಗುಂಪಿಗೆ ಫೋಟೋ ಆಗಿ ಕಳಿಸಿದೆ. ಅವರು ಇನ್ನೊಂದು ಗುಂಪಿಗೆ, ಆ ಗುಂಪಿನವರು ಮತ್ತೊಂದಕ್ಕೆ.

ಈಗ ಲೆಕ್ಕ ನೋಡಿ. ನನ್ನ ಹಾಳೆ ಎ3 ಅಳತೆಯದು, ಉದ್ದಕ್ಕೆ 240 ಮನೆ. ಅಂಗಡಿಯವರು ಕೊಟ್ಟ ಜೆಪಿಜಿ 4800 ಪಿಕ್ಸೆಲ್ (ಚಿತ್ರದ ಚುಕ್ಕಿ) ಉದ್ದ ಇತ್ತು, ಅಂದರೆ ಒಂದು ಮನೆಗೆ 20 ಪಿಕ್ಸೆಲ್. ಆ ಹುಡುಗಿಗೆ ಬಂದು ಮುಟ್ಟಿದ ಫೋಟೋ 1600 ಪಿಕ್ಸೆಲ್. ಡೇಟಾ ಉಳಿಸಲೆಂದು ಫೋಟೋವನ್ನು ಚಿಕ್ಕದು ಮಾಡಿಯೇ ಕಳಿಸುವುದು ಮೆಸೇಜ್ ಆ್ಯಪ್‌ಗಳ ರೂಢಿ. ಒಂದು ಮನೆಗೆ ಉಳಿದದ್ದು ಏಳು ಪಿಕ್ಸೆಲ್ಲಿಗಿಂತ ಕಡಿಮೆ. ಹೊಲಿಗೆಯ ಕಪ್ಪು ಗೆರೆ ಒಂದು ಪಿಕ್ಸೆಲ್ ಚಿಲ್ಲರೆ, ಮನೆಗಳ ಬೂದು ಗೆರೆ ಒಂದಕ್ಕೂ ಕಡಿಮೆ.

ಅದರ ಮೇಲೆ ಜೆಪಿಜಿಯ ಗುಣವೇ ಬೇರೆ. 1992ರಲ್ಲಿ ಬಂದ ಈ ಪದ್ಧತಿ ಮಾಡಿರುವುದೇ ಫೋಟೋಗಳಿಗಾಗಿ. ಮುಖ, ಆಕಾಶ, ಗಿಡಮರ, ಹೀಗೆ ಬಣ್ಣ ಮೆಲ್ಲಗೆ ಬದಲಾಗುವ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಿತ್ರವನ್ನು 8 ಪಿಕ್ಸೆಲ್ ಉದ್ದ 8 ಪಿಕ್ಸೆಲ್ ಅಗಲದ ತುಂಡುಗಳಾಗಿ ಒಡೆದು, ಪ್ರತಿ ತುಂಡಿನಲ್ಲೂ ಕಣ್ಣಿಗೆ ಬೇಗ ಗೊತ್ತಾಗದ ಸಣ್ಣ ವಿವರವನ್ನು ಬಿಟ್ಟುಬಿಡುತ್ತದೆ. ನನ್ನ ಒಂದು ಮನೆ ಆ ಒಂದು ತುಂಡಿಗಿಂತಲೂ ಚಿಕ್ಕದಾಗಿತ್ತು. ಅದು ಬಿಟ್ಟ ಸಣ್ಣ ವಿವರವೇ ನಮ್ಮ ಹೊಲಿಗೆ. ಬೂದು ಗೆರೆಯೂ ಕಪ್ಪು ಗೆರೆಯೂ ಕಲಸಿಹೋಗಿ, ಬರೀ ಮನೆಯ ಗೆರೆ ಇದ್ದ ಕಡೆ ಹೊಲಿಗೆ ಇದ್ದ ಹಾಗೆ ಕಂಡಿತು. ಅದೇ ಹಾಳೆಯ ಅಂಬಾರಿ ಇನ್ನೂ ಕೆಟ್ಟದಾಗಿತ್ತು. ಮೆಂತಿ ಹೊಲಿಗೆಗೆ ಹಾಕಿದ್ದ ಅಡ್ಡ ಗುರುತುಗಳೂ ನೇಯ್ದ ಹಾಗೆ ಕಾಣುವ ನೇಗಿ ಹೊಲಿಗೆಗೆ ತುಂಬಿದ್ದ ಮನೆಗಳೂ ಒಂದೇ ಥರ ಕಪ್ಪು ಮಚ್ಚೆ ಆಗಿದ್ದವು.

ತಪ್ಪು ಗೊತ್ತಾದ ಮೇಲೆ ನಾನು ಮಾಡಿದ್ದು ಎರಡನೇ ತಪ್ಪು. ಯಾರೋ ಪಿಡಿಎಫ್ ಮಾಡಿ ಕಳಿಸಿ ಅಂದರು. ಸರಿ ಅಂತ, ಫೋನಿನಲ್ಲಿದ್ದ ಅದೇ ಫೋಟೋಗಳನ್ನು ಒಂದು ಆ್ಯಪಿಗೆ ಹಾಕಿ ಪಿಡಿಎಫ್ ಮಾಡಿದೆ. ಪಿಡಿಎಫ್ ಅನ್ನುವುದು ಒಂದು ಚೀಲ ಇದ್ದ ಹಾಗೆ. ಒಳಗೆ ಗೆರೆಗಳನ್ನು ಗೆರೆಗಳಾಗಿಯೇ ಇಡಬಹುದು, ಇಲ್ಲವೇ ಮಸುಕು ಫೋಟೋವನ್ನೂ ತುರುಕಬಹುದು. ಹೊರಗಿನಿಂದ ಎರಡೂ ಒಂದೇ. ನಿಮಗೆ ಯಾರಾದರೂ ಪಿಡಿಎಫ್ ಕೊಟ್ಟರೆ ಮೊದಲು ಜಾಸ್ತಿ ಜಾಸ್ತಿ ಝೂಮ್ ಮಾಡಿ ನೋಡಿ. ಎಷ್ಟೇ ದೊಡ್ಡದು ಮಾಡಿದರೂ ಗೆರೆ ಚೂಪಾಗಿಯೇ ಇದ್ದರೆ ಅದು ನಿಜವಾದ ಗೆರೆ. ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಸುತ್ತ ಕೊಳೆ ಅಂಟಿದ ಹಾಗೆ ಕಂಡರೆ ಅದು ಫೋಟೋ, ಅದನ್ನು ನಂಬಿ ಸೂಜಿ ಹಿಡಿಯಬೇಡಿ.

ಕೊನೆಗೆ ಸಿಡಿಆರ್ ಫೈಲನ್ನೇ ಹುಡುಕಿ ತೆಗೆದೆ. ಬಿಡಿಸಿಕೊಟ್ಟ ಅಂಗಡಿ ಅಷ್ಟು ಹೊತ್ತಿಗೆ ಮುಚ್ಚಿತ್ತು. ಬೇರೆ ಅಂಗಡಿಗೆ ಹೋದರೆ ತೆರೆಯಲಿಲ್ಲ. ಹೊಸ ವರ್ಷನ್‌ನಲ್ಲಿ ಮಾಡಿದ ಸಿಡಿಆರ್ ಹಳೆಯ ವರ್ಷನ್‌ನಲ್ಲಿ ತೆರೆಯುವುದಿಲ್ಲ, ಹಳೆಯದಕ್ಕೆ ಸೇವ್ ಮಾಡಿಸಿಕೊಳ್ಳಬೇಕಿತ್ತು. ನನಗೆ ಅದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಮೂರನೇ ಅಂಗಡಿಯಲ್ಲಿ ತೆರೆಯಿತು. ಗೆರೆಗಳು ಹಾಗೇ ಇದ್ದವು, ನೋಡಿ ಕಣ್ಣಲ್ಲಿ ನೀರು ಬಂತು. ಆದರೆ ಕನ್ನಡ ಹೋಗಿತ್ತು. ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಇರುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಎಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲು. "ಇಲ್ಲಿಂದ ಮುರಗಿ ಶುರು" (ಮುರಗಿ ಅಂದರೆ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುವ ಹೊಲಿಗೆ) ಅಂತ ಬರೆಸಿದ್ದ ಕಡೆ ಏನೂ ಓದುವ ಹಾಗಿರಲಿಲ್ಲ. ಅಜ್ಜಿ ಹೇಳುತ್ತಿದ್ದ ಡಿಸೈನುಗಳ ಹೆಸರೂ ಹಾಗೇ ಆಗಿದ್ದವು. ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರಿಂದ ಉಳಿದವು.

ಕಸೂತಿ ಬಿಟ್ಟು ಹೊಲಿಗೆಯ ಕಟಿಂಗ್ ಪ್ಯಾಟರ್ನ್ ಕಳಿಸುವವರಿಗೆ ಇನ್ನೊಂದು ಮಾತು. ಅಲ್ಲಿ ಎಣಿಕೆ ಅಲ್ಲ, ಅಳತೆ ಮುಖ್ಯ. ಅಮೆರಿಕದಲ್ಲಿರುವ ನನ್ನ ತಂಗಿಗೆ 36 ಇಂಚಿನ ರವಿಕೆಯ ಪ್ಯಾಟರ್ನ್ ಕಳಿಸಿದ್ದೆ. ಎ4 ಹಾಳೆಗಳು, ಅಂಟಿಸಿಕೊಂಡು ಕತ್ತರಿಸುವುದು. ನಮ್ಮ ಎ4 ಉದ್ದ 297 ಮಿಲಿಮೀಟರ್. ಅಲ್ಲಿ ಬಳಸುವ ಲೆಟರ್ ಹಾಳೆ 279. ಪ್ರಿಂಟರ್ ತಾನಾಗಿಯೇ ಹಾಳೆಗೆ ಹೊಂದುವಂತೆ ಕುಗ್ಗಿಸಿತು, ನೂರಕ್ಕೆ 94ರಷ್ಟಾಯಿತು. 36 ಇಂಚು 34 ಕೂಡ ಆಗಲಿಲ್ಲ. ಅವಳು ಇಳಕಲ್ಲಿನಿಂದ ತರಿಸಿದ ಖಣ ಕತ್ತರಿಸಿಬಿಟ್ಟಿದ್ದಳು. ಖಣ ಅಂದರೆ ಒಂದು ರವಿಕೆಗೆ ಆಗುವಷ್ಟೇ ಬಟ್ಟೆ ಅಲ್ವಾ, ಮತ್ತೆ ಎಲ್ಲಿಂದ ತರುವುದು? ಈಗ ಪ್ರತಿ ಪ್ಯಾಟರ್ನಿನ ಮೊದಲ ಪುಟದಲ್ಲಿ 5 ಸೆಂಟಿಮೀಟರಿನ ಒಂದು ಚೌಕ ಹಾಕುತ್ತೇನೆ. ಆ ಪುಟ ಒಂದನ್ನೇ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ ಅಂತ ಬರೆಯುತ್ತೇನೆ. 4.7 ಬಂದರೆ ಪ್ರಿಂಟರ್ ಸೆಟ್ಟಿಂಗ್ ನೂರಕ್ಕೆ ನೂರು ಮಾಡಿ. ನಿಮ್ಮೂರಿನ ಝೆರಾಕ್ಸ್ ಅಂಗಡಿಯಲ್ಲೂ ಇದನ್ನು ಬಾಯಿ ಬಿಟ್ಟು ಹೇಳಲೇಬೇಕು.

ಈಗ ನಾನು ಹೇಗೆ ಮಾಡುತ್ತೇನೆ ಅಂದರೆ, ಮೂಲವನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬಿಡಿಸಿ, ಗೆರೆಗಳನ್ನು ಗೆರೆಗಳಾಗಿಯೇ ಇಡುವ ಎಸ್‌ವಿಜಿ ಫೈಲಾಗಿ ಇಡುತ್ತೇನೆ. ಇಂಕ್‌ಸ್ಕೇಪ್ ಉಚಿತ, ನನ್ನ ಮಗನ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ತಿದ್ದುವುದೆಲ್ಲ ಆ ಫೈಲಿನಲ್ಲೇ. ಕನ್ನಡ ಯೂನಿಕೋಡ್‌ನಲ್ಲೇ. ಹಂಚುವುದಕ್ಕೆ ಅದರಿಂದ ನೇರವಾಗಿ ಪಿಡಿಎಫ್ ತೆಗೆಯುತ್ತೇನೆ, ನಡುವೆ ಫೋಟೋ ಆಗಿಸುವುದಿಲ್ಲ. ಪಿಡಿಎಫ್ 2008ರಿಂದ ಅಂತರರಾಷ್ಟ್ರೀಯ (ಐಎಸ್‌ಒ) ಮಾನದಂಡ, ಇಂಥದ್ದೇ ಸಾಫ್ಟ್‌ವೇರ್ ಬೇಕು ಅಂತಿಲ್ಲ, ಯಾವ ಫೋನಿನಲ್ಲಾದರೂ ತೆರೆಯುತ್ತದೆ. ಫೋನಿನ ಪರದೆ ನೋಡಿಕೊಂಡೇ ಹೊಲಿಯುವವರು ಚಿತ್ರವೇ ಬೇಕು ಅಂದರೆ ಪಿಎನ್‌ಜಿ ಕೊಡುತ್ತೇನೆ, ಅದು ಯಾವ ಪಿಕ್ಸೆಲ್ಲನ್ನೂ ಬಿಡುವುದಿಲ್ಲ. ಆದರೆ ಪಿಎನ್‌ಜಿಯನ್ನೂ ಫೋಟೋ ಥರ ಕಳಿಸಿದರೆ ಕಥೆ ಮತ್ತೆ ಅದೇ. ಮೆಸೇಜಿನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿಯೇ ಕಳಿಸಿ. ಒಂದು ಹಾಳೆಗೆ ಹನ್ನೆರಡು ಡಿಸೈನು ತುಂಬುವುದನ್ನೂ ಬಿಟ್ಟಿದ್ದೇನೆ, ಒಂದು ಪುಟಕ್ಕೆ ಒಂದೇ. ಪಕ್ಕದಲ್ಲಿ ಎಣಿಕೆಯನ್ನು ಅಕ್ಷರದಲ್ಲೂ ಬರೆಯುತ್ತೇನೆ: ಒಂದನೇ ಮೆಟ್ಟಿಲು ಇಷ್ಟು ಮನೆ, ಎರಡನೇದು ಇಷ್ಟು. ಚಿತ್ರ ಕೆಟ್ಟರೂ ಲೆಕ್ಕ ಉಳಿಯಲಿ ಅಂತ. ಮತ್ತೆ, ನಾನೇ ಕಳಿಸಿದ್ದನ್ನು ಬೇರೆಯವರ ಫೋನಿನಲ್ಲಿ ತೆರೆದು, ಅದನ್ನೇ ನೋಡಿ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಮೇಲೆ ಒಂದು ಸಲ ಹೊಲಿದ ಮೇಲೆಯೇ ಎಲ್ಲರಿಗೂ ಕೊಡುತ್ತೇನೆ.

ಆ ಸೀರೆಯ ಹನ್ನೊಂದು ಗೋಪುರಗಳನ್ನೂ ನಾವಿಬ್ಬರೂ ಸೇರಿ ಬಿಚ್ಚಿದೆವು. ಹಳೆಯ ರೇಷ್ಮೆ, ಸೂಜಿ ತೂತುಗಳು ಬೆಳಕಿಗೆ ಹಿಡಿದರೆ ಈಗಲೂ ಕಾಣುತ್ತವೆ. ಅವೇ ತೂತುಗಳ ಮೇಲೆ ಸರಿಯಾದ ಗೋಪುರ ಕೂರಿಸಿದಳು, ಐದನೇ ಮೆಟ್ಟಿಲಿನ ಪಕ್ಕದ ಒಂದೊಂದು ತೂತು ಮಾತ್ರ ಮುಚ್ಚಲಿಲ್ಲ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವು.

37 ಡಿಸೈನುಗಳಲ್ಲಿ 14ನ್ನು ಅಜ್ಜಿಯ ಬಟ್ಟೆಯ ಜೊತೆ ಎಳೆ ಎಳೆ ಹೋಲಿಸಿ ಸರಿಮಾಡಿದ್ದೇನೆ. ಉಳಿದವು ನಡೆಯುತ್ತಿವೆ. ಹಳೆಯ ಫೋಟೋಗಳು ಎಷ್ಟು ಫೋನುಗಳಲ್ಲಿವೆಯೋ, ವಾಪಸ್ ಕರೆಯಲು ನನ್ನಿಂದ ಆಗುವುದಿಲ್ಲ. ಒಂದು ಹಾಳೆಯಲ್ಲಿ ಹನ್ನೆರಡು ಕಸೂತಿ ಡಿಸೈನು, ಎಡಗಡೆ ಮೇಲೆ ಒಂಬತ್ತು ಮೆಟ್ಟಿಲಿನ ಗೋಪುರ, ಅದರ ಕೆಳಗೆ ಅಂಬಾರಿ, ಅಂಥ ಫೋಟೋ ನಿಮಗೆ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ. ಈಗಾಗಲೇ ಶುರು ಮಾಡಿದ್ದರೆ ಐದನೇ ಮೆಟ್ಟಿಲು ಮೂರು ಮನೆ, ನಾಲ್ಕಲ್ಲ.