ಕೈ ತೊಳ್ಕೊಂಡ್ರಾ ಇಲ್ವಾ ಅಂತ ನಾಲ್ಕು ಥರ ಅಳೆದು ನೋಡ್ದೆ, ನಾಲ್ಕೂ ಬೇರೆ ಬೇರೆ ಕಥೆ ಹೇಳಿದ್ವು

ನಾನು ಇನ್ಫೆಕ್ಷನ್ ಕಂಟ್ರೋಲ್ ನರ್ಸು, ಅಂದ್ರೆ ನಾನು ವಾರ್ಡಿಗೆ ಕಾಲಿಟ್ಟ ತಕ್ಷಣ ಎಲ್ಲರಿಗೂ ಕೈ ತೊಳೆಯೋದು ನೆನಪಾಗತ್ತೆ, ಹೊರಗೆ ಹೋದ ತಕ್ಷಣ ಮರ್ತು ಹೋಗತ್ತೆ. ಆಸ್ಪತ್ರೆ ಹೆಸರು ಬೇಡ, ಮಧ್ಯ ಕರ್ನಾಟಕದ ಒಂದು ಪ್ರೈವೇಟ್ ಆಸ್ಪತ್ರೆ ಅಂದ್ಕೊಳ್ಳಿ. ಪ್ರತಿ ತಿಂಗಳು ಕಮಿಟಿ ಮೀಟಿಂಗಲ್ಲಿ ನಂದೊಂದು ಸ್ಲೈಡ್ ಇರತ್ತೆ, ಹ್ಯಾಂಡ್ ಹೈಜೀನ್ ಇಷ್ಟು ಪರ್ಸೆಂಟ್ ಅಂತ, ಆಸ್ಪತ್ರೆಗಳಿಗೆ ಗುಣಮಟ್ಟದ ಸರ್ಟಿಫಿಕೇಟ್ ಕೊಡೋ ಎನ್‌ಎಬಿಎಚ್‌ನೋರು ಕೇಳೋ ಇಂಡಿಕೇಟರ್‌ಗಳಲ್ಲಿ ಅದೂ ಒಂದು. ಎರಡು ವರ್ಷದಿಂದ 90ರ ಮೇಲೇ ಇತ್ತು, ಎಲ್ರೂ ತಲೆ ಆಡಿಸ್ತಿದ್ರು, ಮುಂದಿನ ಸ್ಲೈಡು. ಆದ್ರೆ ಕ್ಯಾತಿಟರ್, ಅಂದ್ರೆ ಮೂತ್ರದ ಟ್ಯೂಬ್, ಹಾಕಿರೋ ಪೇಷೆಂಟ್‌ಗಳಿಗೆ ಯೂರಿನ್ ಇನ್ಫೆಕ್ಷನ್ ಆಗೋದು ಮಾತ್ರ ನಿಲ್ತಾನೇ ಇರ್ಲಿಲ್ಲ. ನೂರಕ್ಕೆ ತೊಂಬತ್ತು ಸಲ ಕೈ ಕ್ಲೀನ್ ಆಗ್ತಿದ್ರೆ ಇದೆಲ್ಲಿಂದ ಬರ್ತಿದೆ ಅಂತ ತಲೆ ಕೆಟ್ಟು, ಹೋದ ವರ್ಷ ಒಂದೇ ವಾರ್ಡಲ್ಲಿ, ಮೇಲ್ ಮೆಡಿಕಲ್ ವಾರ್ಡಲ್ಲಿ, ನಾಲ್ಕು ಥರ ಅಳೆದು ನೋಡಿದೆ.

ಮೊದಲನೇದು ನಾನು ಯಾವಾಗ್ಲೂ ಮಾಡ್ತಿದ್ದದ್ದೇ, ಎದುರಿಗೇ ನಿಂತು ನೋಡೋದು. ಡಬ್ಲ್ಯುಎಚ್‌ಒ ಹೇಳೋ ಪದ್ಧತಿ ಇದು. ಕೈಲಿ ಕ್ಲಿಪ್‌ಬೋರ್ಡು, ಒಂದ್ಸಲಕ್ಕೆ ಸುಮಾರು 20 ನಿಮಿಷ, ಒಂದು ವಾರ್ಡಿಗೆ 200 ಸಂದರ್ಭ ಸಿಗೋ ತನಕ ಹೋಗ್ತಾ ಇರೋದು. ಸಂದರ್ಭ ಅಂದ್ರೆ ಆ ಐದು ಹೊತ್ತು: ಪೇಷೆಂಟ್ ಮುಟ್ಟೋ ಮುಂಚೆ, ಇಂಜೆಕ್ಷನ್ ಡ್ರೆಸಿಂಗ್ ಥರದ ಕೆಲ್ಸದ ಮುಂಚೆ, ರಕ್ತ ಮೂತ್ರ ತಾಗಿದ್ಮೇಲೆ, ಪೇಷೆಂಟ್ ಮುಟ್ಟಿದ್ಮೇಲೆ, ಮಂಚ ಲಾಕರ್ ಮುಟ್ಟಿದ್ಮೇಲೆ. ಕೇಳೋಕೆ ಸುಲಭ, ಎಣಿಸೋಕೆ ಕೂತಾಗ ಗೊತ್ತಾಗತ್ತೆ. ಸಿಸ್ಟರ್ 4ನೇ ಬೆಡ್ಡಲ್ಲಿ ಬಿಪಿ ನೋಡಿ ಸೀದಾ 5ನೇ ಬೆಡ್ಡಿನ ಪೇಷೆಂಟ್ ಮುಟ್ಟಿದ್ರೆ, ಇವ್ರನ್ನ ಮುಟ್ಟಿದ್ಮೇಲೆ ಮತ್ತೆ ಅವ್ರನ್ನ ಮುಟ್ಟೋ ಮುಂಚೆ ಎರಡೂ ಸೇರಿ ಒಂದೇ ಸಲ ಉಜ್ಜಿದ್ರೆ ಸಾಕು, ಅದನ್ನ ಒಂದು ಅಂತ ಎಣಿಸ್ಬೇಕು. ಗ್ಲೌಸ್ ಹಾಕಿದ್ರೆ ಕೈ ತೊಳ್ದ ಹಾಗೇ ಅಂದ್ಕೊಂಡಿರೋರು ಬೇರೆ, ಒಂದೇ ಗ್ಲೌಸಲ್ಲಿ ಮೂರು ಬೆಡ್ ಮುಗಿಸ್ತಾರೆ ಪುಣ್ಯಾತ್ಮರು.

ಎದುರಿಗೆ ನಿಂತು ನೋಡಿದಾಗ 92 ಬಂತು. ನನ್ನ ಕ್ಲಿಪ್‌ಬೋರ್ಡ್ ಕಂಡ ಕೂಡ್ಲೇ ಡ್ಯೂಟಿ ಡಾಕ್ಟರ್ ಒಬ್ರು, ಪೇಷೆಂಟ್ ಹತ್ರಾನೂ ಹೋಗಿಲ್ಲ, ಸುಮ್ನೆ ನಿಂತಲ್ಲೇ ಸ್ಟರಿಲಿಯಮ್, ಅದೇ ಸ್ಪಿರಿಟ್ ಇರೋ ಹ್ಯಾಂಡ್‌ರಬ್, ಹಾಕ್ಕೊಂಡು ಕೈ ಉಜ್ಜೋಕೆ ಶುರು ಮಾಡಿದ್ರು. ಬಸ್ಸಲ್ಲಿ ಚೆಕಿಂಗ್‌ನೋರು ಹತ್ತಿದ್ರೆ ಟಿಕೆಟ್ ಇರೋರೂ ಜೇಬು ತಡಕ್ತಾರಲ್ಲ, ಹಂಗೆ.

ಅದಕ್ಕೇ ಎರಡನೇದು, ಕದ್ದು ನೋಡೋದು. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹತ್ರ ಮೊದ್ಲೇ ಪರ್ಮಿಷನ್ ತಗೊಂಡು, ಯಾರ ಹೆಸರೂ ಬರೀಬಾರ್ದು, ಡಾಕ್ಟರಾ ನರ್ಸಾ ಆಯಾನಾ ಅಂತಷ್ಟೇ ಬರೀಬೇಕು ಅಂತ ಮಾತಾಡ್ಕೊಂಡು, ಆ ವಾರ್ಡಿಗೆ ಪೋಸ್ಟಿಂಗ್ ಬಂದಿದ್ದ ಇಬ್ರು ನರ್ಸಿಂಗ್ ಸ್ಟೂಡೆಂಟ್ಸ್‌ಗೆ ಹೇಳ್ಕೊಟ್ಟೆ. ಅವ್ರು ಕೇಸ್ ಶೀಟ್ ಬರೆಯೋ ಥರ ಕೂತು ಎರಡು ವಾರ ಗೀಟು ಎಳೆದ್ರು. ಬಂದದ್ದು 41. ನಾನು ಮೊದ್ಲು ಮಕ್ಳಿಗೆ ಎಣಿಸೋಕೆ ಬರ್ಲಿಲ್ಲ ಅಂದ್ಕೊಂಡು ಒಂದಿನ ಅವ್ರ ಜೊತೆ ಕೂತು ಚೆಕ್ ಮಾಡ್ದೆ, ಸರಿಯಾಗೇ ಎಣಿಸ್ತಿದ್ರು.

ನಿಜಕ್ಕೆ ಹತ್ರದ ನಂಬರ್ ಇದೇ ಅಂತ ನಂಗೆ ಡೌಟಿಲ್ಲ. ಆದ್ರೆ ಇದಕ್ಕೆ ಕೊಟ್ಟ ಬೆಲೆ ಇದೆಯಲ್ಲ. ಇನ್‌ಚಾರ್ಜ್ ಸಿಸ್ಟರ್‌ಗೆ ಆಮೇಲೆ ಗೊತ್ತಾಯ್ತು. ಜಗಳ ಆಡ್ಲಿಲ್ಲ ಅವ್ರು, ಆಡಿದ್ರೆ ಎಷ್ಟೋ ಚೆನ್ನಾಗಿತ್ತು. ‘ನಾವು ಪಾಠ ಹೇಳ್ಕೊಡೋ ಮಕ್ಳ ಕೈಲೇ ನಮ್ಮ ತಪ್ಪು ಲೆಕ್ಕ ಹಾಕಿಸಿದ್ರಲ್ಲಾ ಅಕ್ಕಾ’ ಅಂದ್ರು, ಅಷ್ಟೇ. ಆಮೇಲೆ ಎರಡು ವಾರ ಆ ವಾರ್ಡಲ್ಲಿ ನಂಗೆ ಯಾರೂ ಟೀ ಕೇಳ್ಲಿಲ್ಲ. ಕದ್ದು ನೋಡೋದನ್ನ ಒಂದೇ ಸಲ ಮಾಡ್ಬೋದು, ಶುರುವಲ್ಲಿ, ಎಲ್ಲಿದೀವಿ ಅಂತ ತಿಳ್ಕೊಳ್ಳೋಕೆ. ಎರಡನೇ ಸಲ ಮಾಡಿದ್ರೆ ನಿಮ್ಮ ಹತ್ರ ಯಾರೂ ಏನೂ ಹೇಳಲ್ಲ, ಸೂಜಿ ಚುಚ್ಕೊಂಡ್ರೂ ಹೇಳಲ್ಲ, ಅದು ಇನ್ನೂ ಅಪಾಯ.

ಮೂರನೇದು ಬಾಟ್ಲಿ ಲೆಕ್ಕ, ನಂಗೆ ತುಂಬಾ ಇಷ್ಟ ಆಗಿದ್ದು ಇದೇ. ಯಾರನ್ನೂ ನೋಡ್ಬೇಕಿಲ್ಲ, ತಿಂಗಳಿಗೆ ಎಷ್ಟು ಹ್ಯಾಂಡ್‌ರಬ್ ಖರ್ಚಾಯ್ತು ಅಂತ ನೋಡಿದ್ರೆ ಆಯ್ತು. ಸಾವಿರ ಪೇಷೆಂಟ್ ಡೇಸ್‌ಗೆ (ಒಬ್ಬ ಪೇಷೆಂಟ್ ಒಂದು ದಿನ ಇದ್ರೆ ಒಂದು ಪೇಷೆಂಟ್ ಡೇ) ಕನಿಷ್ಠ 20 ಲೀಟರ್ ಅಂತ ಡಬ್ಲ್ಯುಎಚ್‌ಒ ಒಂದು ಗೆರೆ ಹಾಕಿದೆ. ಜಿನೀವಾದ ಆಸ್ಪತ್ರೇಲಿ ಡಿಡಿಯೆ ಪಿಟೆ ಅನ್ನೋ ಡಾಕ್ಟರ್ ತಂಡ 1994ರಿಂದ ಇದನ್ನ ನೋಡ್ತಾ ಬಂತು, ಕೈ ಶುಚಿ 48 ಪರ್ಸೆಂಟಿಂದ 66ಕ್ಕೆ ಹೋಯ್ತು, ಅದೇ ಹೊತ್ತಲ್ಲಿ ಹ್ಯಾಂಡ್‌ರಬ್ ಖರ್ಚು ಸಾವಿರ ಪೇಷೆಂಟ್ ಡೇಸ್‌ಗೆ 3.5 ಲೀಟರಿಂದ 15.4 ಲೀಟರಿಗೆ ಏರ್ತು, ಆಸ್ಪತ್ರೇಲಿ ಹತ್ತೋ ಇನ್ಫೆಕ್ಷನ್ 16.9 ಪರ್ಸೆಂಟಿಂದ 9.9ಕ್ಕೆ ಇಳೀತು. 2000ದಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಪೇಪರು ಅದು. ಗಮನಿಸಿ, ಅಷ್ಟು ಹೆಸರು ಮಾಡಿದ ಆಸ್ಪತ್ರೆಗೆ ಬಂದಿದ್ದು 66, ನನ್ನ ಸ್ಲೈಡಲ್ಲಿ 92! ಅವತ್ತೇ ನಾಚಿಕೆ ಆಗ್ಬೇಕಿತ್ತು ನಂಗೆ.

ಸರಿ ನಮ್ಮ ಲೆಕ್ಕ. ಆ ವಾರ್ಡಲ್ಲಿ ದಿನಕ್ಕೆ ಸರಾಸರಿ 25 ಜನ, 30 ದಿನಕ್ಕೆ 750 ಪೇಷೆಂಟ್ ಡೇಸ್. ಖಾಲಿಯಾದ ಅರ್ಧ ಲೀಟರ್ ಬಾಟ್ಲಿ 11, ಅಂದ್ರೆ ಐದೂವರೆ ಲೀಟರ್. ಸಾವಿರಕ್ಕೆ ಏಳು ಚಿಲ್ಲರೆ ಲೀಟರ್. ಇನ್ನೊಂಥರ ಹೇಳ್ಬೇಕಂದ್ರೆ ಒಬ್ಬ ಪೇಷೆಂಟ್ ಪಾಲಿಗೆ ದಿನಕ್ಕೆ ಏಳು ಎಂಎಲ್ ಚಿಲ್ಲರೆ, ಒಂದು ಸಲ ಸರಿಯಾಗಿ ಉಜ್ಜೋಕೆ ಸುಮಾರು ಮೂರು ಎಂಎಲ್ ಬೇಕು, ಅಂದ್ರೆ ಇಡೀ ದಿನದಲ್ಲಿ ಎರಡೂವರೆ ಸಲ. ಬಿಪಿ ನೋಡೋಕೇ ಮೂರು ಸಲ ಹೋಗ್ತಾರೆ, ರೌಂಡ್ಸ್ ಎರಡು, ಇಂಜೆಕ್ಷನ್ನು, ಡ್ರಿಪ್ಪು, ಬ್ಲಡ್ ಸ್ಯಾಂಪಲ್ಲು. ಈ ಎರಡೂವರೆಯನ್ನ ಸ್ಲೈಡಿಗೆ ಹಾಕಿದಾಗ ಮೀಟಿಂಗಲ್ಲಿ ಮೊದಲ ಸಲ ಯಾರೂ ಮೊಬೈಲ್ ನೋಡ್ಲಿಲ್ಲ.

ಇದ್ರಲ್ಲೂ ತೂತಿದೆ ಮತ್ತೆ. ವಾರ್ಡಿನ ಕೊನೇಲಿ ಬೇಸಿನ್ ಇದೆ, ಸೋಪು ನೀರಲ್ಲಿ ತೊಳೆದದ್ದು ಬಾಟ್ಲಿ ಲೆಕ್ಕಕ್ಕೆ ಬರಲ್ಲ. ಪೇಷೆಂಟ್ ಕಡೆಯೋರು ಹಾಕ್ಕೊಳ್ಳೋದು, ಜೊತೆಗೆ ಬಂದ ಮಕ್ಳು ಪಂಪ್ ಒತ್ತಿ ಆಟ ಆಡೋದು ಮಾತ್ರ ಬರತ್ತೆ. ಟ್ರಾಲಿ ಮೇಲಿನ ಪ್ಲಾಸ್ಟರ್ ಅಂಟು ತೆಗೆಯೋಕೆ ಇದನ್ನೇ ಸುರೀತಾರೆ ಅಂತ ನಂಗೆ ಆವಾಗ್ಲೇ ಗೊತ್ತಾಗಿದ್ದು. ಮತ್ತೆ ಸ್ಟೋರಿನ ಇಂಡೆಂಟ್ ನಂಬಿ ಲೆಕ್ಕ ಹಾಕ್ಬೇಡಿ, ಇನ್ಸ್‌ಪೆಕ್ಷನ್ ಇದೆ ಅಂದ್ರೆ 20 ಬಾಟ್ಲಿ ತರಿಸಿ ಕಪಾಟಲ್ಲಿ ಜೋಡಿಸಿರ್ತಾರೆ, ಆ ತಿಂಗಳು ನಂಬರ್ ಫಳಫಳ ಹೊಳೆಯತ್ತೆ. ಖಾಲಿ ಬಾಟ್ಲಿ ಎಣಿಸಿ, ಅರ್ಧ ಆಗಿರೋದನ್ನ ತೂಕ ಹಾಕಿ. ಸ್ಪಿರಿಟ್ ನೀರಿಗಿಂತ ಹಗುರ, ಗ್ರಾಮನ್ನೇ ಎಂಎಲ್ ಅಂದ್ಕೊಂಡ್ರೆ ತಪ್ಪಾಗತ್ತೆ, ಅದಕ್ಕೆ ತುಂಬಿದ್ದು ಒಂದು ಖಾಲಿದು ಒಂದು ತೂಗಿ ಇಟ್ಕೊಂಡು ಅದರ ಮೇಲೆ ಲೆಕ್ಕ ಮಾಡ್ದೆ. ತೂಕಕ್ಕೆ ಲೇಬರ್ ವಾರ್ಡಲ್ಲಿ ಕಂಡೆಮ್ ಆಗಿ ಮೂಲೇಲಿ ಬಿದ್ದಿದ್ದ ಹಳೇ ಮಗು ತೂಕದ ಮಷೀನು.

ಇನ್ನು ನಾಲ್ಕನೇದು, ಪೇಷೆಂಟ್‌ನೇ ಕೇಳೋದು. ಡಿಸ್ಚಾರ್ಜ್ ಫೀಡ್‌ಬ್ಯಾಕ್ ಫಾರ್ಮಲ್ಲಿ ಒಂದು ಪ್ರಶ್ನೆ ಸೇರಿಸಿದ್ವಿ, ಸಿಬ್ಬಂದಿ ನಿಮ್ಮನ್ನ ಮುಟ್ಟೋ ಮುಂಚೆ ಕೈ ಶುಚಿ ಮಾಡ್ಕೊಂಡ್ರಾ ಅಂತ. ಎಲ್ರೂ ಹೌದು. ಹೆಚ್ಚೂಕಡಿಮೆ ನೂರಕ್ಕೆ ನೂರು. ಬಿಲ್ ಸೆಟಲ್ ಆಗ್ತಿದೆ, ಇನ್ಶೂರೆನ್ಸ್ ಅಪ್ರೂವಲ್ ಇನ್ನೂ ಬಂದಿಲ್ಲ, ಆಟೋ ಕಾಯ್ತಿದೆ, ಆ ಹೊತ್ತಲ್ಲಿ ಯಾರು ಇಲ್ಲ ಅಂತ ಟಿಕ್ ಹಾಕಿ ಎದುರು ಹಾಕ್ಕೋತಾರೆ? ಫಾರ್ಮ್ ಕಸದ ಬುಟ್ಟಿಗೆ, ಅದ್ರಲ್ಲಿ ಹೇಳೋದೇನಿಲ್ಲ.

ಆದ್ರೆ ಫಾರ್ಮ್ ಬಿಟ್ಟು ಬೆಡ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಒಂದೈದಾರು ಜನರ ಹತ್ರ ಸುಮ್ನೆ ಮಾತಾಡ್ದೆ. ಅಯ್ಯೋ ಎಲ್ಲಾ ಚೆನ್ನಾಗಿ ನೋಡ್ಕೋತಾರಮ್ಮ, ಊಟಕ್ಕೆ ಉಪ್ಪು ಮಾತ್ರ ಇರಲ್ಲ, ಇಂಥವೇ. ಹಳ್ಳಿ ಕಡೆಯ ಒಬ್ರು ಅಜ್ಜ ಮಾತ್ರ ಸುಮಾರು ಹೊತ್ತು ಸುಮ್ನಿದ್ದು, ‘ಮುಟ್ಟಿದ್ ಮ್ಯಾಲೆ ಎಲ್ರೂ ಕೈ ಉಜ್ಕಂತಾರವ್ವ. ನಾನೇನು ಮೈಲಿಗೆ ಆಗೀನೇನು?’ ಅಂದ್ರು.

ನಂಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಮುಟ್ಟಿ ಕೈ ತೊಳ್ಕೊಳ್ಳೋದಕ್ಕೆ ಆ ಅಜ್ಜನ ಬದುಕಲ್ಲಿ ಇರೋ ಅರ್ಥ ಬೇರೆ, ಅದು ಇನ್ಫೆಕ್ಷನ್ ಕಂಟ್ರೋಲ್ ಮ್ಯಾನ್ಯುಯಲ್‌ನಲ್ಲಿ ಇಲ್ಲ. ಹತ್ತು ವರ್ಷದ ಸರ್ವೀಸಲ್ಲಿ ಈ ಕಡೆಯಿಂದ ಹಂಗೆ ಕಾಣ್ಬೋದು ಅಂತ ನಂಗೆ ಹೊಳೆದೇ ಇರ್ಲಿಲ್ಲ.

ಮನೆಗೆ ಹೋದ್ಮೇಲೆ ಇನ್ನೊಂದು ಹೊಳೀತು. ಅಜ್ಜ ಹೇಳಿದ್ದು ಮುಟ್ಟಿದ್ ಮ್ಯಾಲೆ ಅಂತ. ಮುಂಚೆ ಅಂತ ಅಲ್ಲ. ಮಾರನೇ ದಿನ ಸ್ಟೂಡೆಂಟ್ಸ್ ಶೀಟ್ ತೆಗೆದು ಆ 41ನ್ನ ಐದು ಹೊತ್ತಾಗಿ ಬಿಡಿಸಿ ನೋಡಿದ್ರೆ, ಮುಟ್ಟಿದ ನಂತರದ್ದು 70ರ ಹತ್ರ, ರಕ್ತ ಮೂತ್ರದ ನಂತರ ಇನ್ನೂ ಜಾಸ್ತಿ, ಮುಟ್ಟೋ ಮುಂಚೆ 20 ದಾಟಿಲ್ಲ, ಕ್ಯಾತಿಟರ್ ಬ್ಯಾಗ್ ಮುಟ್ಟೋ ಮುಂಚೆಯೂ ಅಷ್ಟೇ! ನಾವೆಲ್ಲ ನಮ್ಮನ್ನ ಕಾಪಾಡ್ಕೊಳ್ಳೋಕೆ ಕೈ ಉಜ್ತಿದ್ವಿ, ಪೇಷೆಂಟನ್ನ ಕಾಪಾಡೋಕಲ್ಲ. ನಾನು ಎರಡು ವರ್ಷ ಒಟ್ಟು ಪರ್ಸೆಂಟ್ ಹಾಕ್ತಾ ಕೂತಿದ್ನಲ್ಲ, ಅದ್ರಲ್ಲಿ ಇದು ಮುಳುಗಿ ಹೋಗಿತ್ತು. ಅಜ್ಜಂಗೆ ಮಲಗಿದ್ದಲ್ಲಿಂದಾನೇ ಕಂಡಿತ್ತು.

ಹಾಗಾಗಿ ಬದಲಾಯಿಸಿದ್ದು ಎರಡೇ. ಸ್ಟರಿಲಿಯಮ್ ಬಾಟ್ಲಿಗಳು ವಾರ್ಡಿನ ಬಾಗಿಲ ಹತ್ರ ಗೋಡೇಲಿದ್ವು, ಹೊರಗೆ ಹೋಗ್ವಾಗ ಕೈಗೆ ಸಿಗೋ ಜಾಗ ಅದು. ಅವನ್ನ ಮಂಚದ ಕಾಲ ತುದಿಗೆ ತಂದ್ವಿ. ಬ್ರಾಕೆಟ್ ಹಾಕೋಕೆ ಮೇಂಟೆನೆನ್ಸ್ ಅಣ್ಣ ಮೂರು ವಾರ ತಗೊಂಡ, ಇಡೀ ಪ್ರಾಜೆಕ್ಟಲ್ಲಿ ಅತಿ ಕಷ್ಟದ ಭಾಗ ಅದೇ. ಎರಡನೇದು, ಕೈ ಉಜ್ಕೊಳ್ವಾಗ ಬಾಯಲ್ಲಿ ಹೇಳೋದು, ‘ತಾತಾ, ನಿಮ್ಗೆ ಏನೂ ತಾಗ್ಬಾರ್ದು ಅಂತ ಕೈ ಕ್ಲೀನ್ ಮಾಡ್ಕೊಂಡೆ, ಈಗ ಬಿಪಿ ನೋಡ್ತೀನಿ’. ಹೇಳ್ಬೇಕು ಅಂದ್ರೆ ಮುಟ್ಟೋ ಮುಂಚೇನೇ ಉಜ್ಬೇಕಾಗತ್ತೆ, ಬೇರೆ ದಾರಿ ಇಲ್ಲ. ಸಿಸ್ಟರ್‌ಗಳು ಮೊದ್ಲು ನಕ್ರು, ಆಮೇಲೆ ರೂಢಿಯಾಯ್ತು. ಡಾಕ್ಟರ್‌ಗಳು ಇನ್ನೂ ಹೇಳಲ್ಲ, ಉಜ್ಕೋತಾರೆ ಅನ್ನೋದೇ ಪುಣ್ಯ.

ತಾಲ್ಲೂಕು ಸರ್ಕಾರಿ ಆಸ್ಪತ್ರೇಲಿರೋ ನನ್ನ ಫ್ರೆಂಡ್ ಹತ್ರ ಇದೆಲ್ಲ ಹೇಳಿದಾಗ ಅವಳು ನಕ್ಕಳು. ಅವಳ ಕಡೆ ಕಾಯಕಲ್ಪ, ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂತ 2015ರಲ್ಲಿ ಶುರುವಾದ ಸ್ಕೀಮು, 0, 1, 2 ಅಂತ ಮಾರ್ಕು, ಬೇಸಿನ್ ಇದೆಯಾ, ಸೋಪಿದೆಯಾ, ಪೋಸ್ಟರ್ ಹಾಕಿದೀರಾ, ಸಿಬ್ಬಂದಿಗೆ ಕೈ ತೊಳೆಯೋ ಸ್ಟೆಪ್ಸ್ ಮಾಡಿ ತೋರ್ಸೋಕೆ ಬರತ್ತಾ, 70 ಪರ್ಸೆಂಟ್ ದಾಟಿದ್ರೆ ಪ್ರಶಸ್ತಿ. ಮಾಡೋಕೆ ಬರತ್ತಾ ಅಂತ ನೋಡ್ತಾರೆ, ಮಾಡ್ತಾರಾ ಅಂತಲ್ಲ ಅಂತ ನಾನಂದೆ. ‘ನಲ್ಲೀಲಿ ನೀರು ಬರೋಕೆ ಶುರುವಾಗಿದ್ದೇ ಆ ಲಿಸ್ಟಿಂದ ಕಣೇ, ನೀರೇ ಇಲ್ದೆ ಯಾವ ಬಾಟ್ಲಿ ತೂಗ್ತಿದ್ದೆ ನೀನು’ ಅಂದ್ಳು. ಅದೂ ನಿಜಾನೇ, ಇಲ್ಲ ಅನ್ನೋಕಾಗಲ್ಲ.

ಯಾವುದು ಒಳ್ಳೇದು ಅಂತ ಕೇಳಿದ್ರೆ, ಒಂದೇ ಆರಿಸ್ಕೋ ಅಂದ್ರೆ ಬಾಟ್ಲಿ. ಖರ್ಚಿಲ್ಲ, ಯಾರಿಗೂ ಬೇಜಾರಿಲ್ಲ, ಪ್ರತಿ ತಿಂಗಳೂ ಮಾಡ್ಬೋದು, ರಾತ್ರಿ ಪಾಳಿನೂ ಸೇರತ್ತೆ. ಆದ್ರೆ ಮುಂಚೆನಾ ಆಮೇಲಾ ಅಂತ ಬಾಟ್ಲಿ ಹೇಳಲ್ಲ. ಎದುರಿಗೆ ನಿಂತು ನೋಡೋದನ್ನ ನಾನು ಬಿಟ್ಟಿಲ್ಲ, ನಂಬರಿಗೆ ಅಲ್ಲ, ಅಲ್ಲೇ ಮೆತ್ತಗೆ ತಿದ್ದೋಕೆ, ಹೆಬ್ಬೆರಳು ಬಿಟ್ರಲ್ಲಾ ಸರ್ ಅನ್ನೋಕೆ. ಅದರ ಪರ್ಸೆಂಟ್ ಕೇಳ್ತಾರೆ, ಕೊಡ್ತೀನಿ, ಪಕ್ಕದಲ್ಲೇ ಬಾಟ್ಲಿ ಲೆಕ್ಕಾನೂ ಹಾಕ್ತೀನಿ.

ಬ್ರಾಕೆಟ್ ಹಾಕಿದ ಎರಡನೇ ತಿಂಗಳು ಖಾಲಿ ಬಾಟ್ಲಿ 19 ಆಯ್ತು. ಅದ್ರಲ್ಲಿ ಎಷ್ಟು ಸಿಬ್ಬಂದಿ ಕೈಗೆ, ಎಷ್ಟು ಮಂಚದ ಪಕ್ಕ ಕೂತ ಮನೆಯೋರ ಕೈಗೆ ಅಂತ ಬೇರ್ಪಡಿಸೋಕೆ ಬರಲ್ಲ. ಯೂರಿನ್ ಇನ್ಫೆಕ್ಷನ್ ಇಳೀತಾ ಅಂತ ಎಂಡಿ ಸರ್ ಪ್ರತಿ ಸಲ ಕೇಳ್ತಾರೆ. ನಮ್ಮಲ್ಲಿ ತಿಂಗಳಿಗೆ ಒಂದೋ ಎರಡೋ ಕೇಸು, ಸಾವಿರ ಕ್ಯಾತಿಟರ್ ದಿನಕ್ಕೆ ಅಂತ ಲೆಕ್ಕ ಹಾಕಿದ್ರೆ ಒಂದು ಕೇಸ್ ಹೆಚ್ಚಾದ್ರೂ ಗ್ರಾಫ್ ಆಕಾಶಕ್ಕೆ ಹೋಗತ್ತೆ, ಒಂದು ವರ್ಷನಾದ್ರೂ ನೋಡ್ದೆ ಬಾಯಿ ಬಿಡಲ್ಲ ಅಂದಿದೀನಿ.

ಇನ್‌ಚಾರ್ಜ್ ಸಿಸ್ಟರ್ ಈಗ ಟೀ ಕೊಡ್ತಾರೆ. ರಾತ್ರಿ ಪಾಳಿದು ಬೇರೆ ನೋಡೋಣ ಅಂತ ಐಡಿಯಾ ಕೊಟ್ಟಿದ್ದೂ ಅವ್ರೇ, ರಾತ್ರಿ ಬಾಟ್ಲಿಗೆ ನೀಲಿ ಟೇಪ್ ಸುತ್ತಿದೀವಿ. ಬೆಳಗ್ಗೆ 8ಕ್ಕೆ ಅವನ್ನೆಲ್ಲ ಟ್ರೇಲಿ ಇಟ್ಕೊಂಡು ಲೇಬರ್ ವಾರ್ಡಿನ ಮೂಲೆಗೆ ತೂಕ ಹಾಕೋಕೆ ಹೋಗ್ತೀನಿ, ಅಲ್ಲಿನ ಸಿಸ್ಟರ್ ದಿನಾ ಕೇಳ್ತಾರೆ, ಇವತ್ತು ಎಷ್ಟು ಕೆಜಿ ಹುಟ್ತು ಅಕ್ಕಾ ಅಂತ.